ಆನ್‌ಲೈನ್‌ನಲ್ಲಿ ಪಾಠ ಮಾಡುವ ಅರೆಕಾಲಿಕ ಅಧ್ಯಾಪಕರೊಂದಿಗೆ ಕಾಲೇಜು ವ್ಯವಹರಿಸಬೇಕಾದ ಬಗೆ

ಕಾಲೇಜಿನ ಕಟ್ಟಡದೊಳಗೆ ಕೆಲಸ ಮಾಡುವ ಅಧ್ಯಾಪಕರಿಗೆ ಎಷ್ಟೋ ಸಂಗತಿಗಳು ಯಾರೂ ಕರೆದು ಹೇಳದೆಯೇ ತಿಳಿಯುತ್ತವೆ. ಅಟೆಂಡರ್ ಸುತ್ತೋಲೆ ಪುಸ್ತಕ ಹಿಡಿದು ತರಗತಿಯ ಬಾಗಿಲಿಗೇ ಬಂದು ಸಹಿ ಮಾಡಿಸಿಕೊಂಡು ಹೋಗುತ್ತಾರೆ. ಕಿರುಪರೀಕ್ಷೆ ಒಂದು ವಾರ ಮುಂದಕ್ಕೆ ಹೋಗಿದೆಯೆಂಬುದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗಲೇ ಕಿವಿಗೆ ಬೀಳುತ್ತದೆ. ಹಾಜರಾತಿ ಕಡಿಮೆಯಿರುವ ವಿದ್ಯಾರ್ಥಿಯ ಮನೆಯ ಪರಿಸ್ಥಿತಿ ಏನೆಂಬುದನ್ನು ಪಕ್ಕದ ಮೇಜಿನವರು ಹೇಳುತ್ತಾರೆ. ವಾರದಲ್ಲಿ ನಾಲ್ಕೋ ಆರೋ ಗಂಟೆ ಆನ್‌ಲೈನ್‌ನಲ್ಲಿ ಬಂದು ಪಾಠ ಮಾಡಿ ಹೋಗುವವರಿಗೆ ಈ ಯಾವ ದಾರಿಯೂ ತೆರೆದಿರುವುದಿಲ್ಲ. ಅವರಿಗೆ ಒಂದು ಸುದ್ದಿ ತಲುಪಬೇಕಾದರೆ ಯಾರಾದರೊಬ್ಬರು ಅದನ್ನು ನೆನಪಿಟ್ಟು ಕಳುಹಿಸಲೇಬೇಕು. ‘ಅವರು ಫೋನೇ ಎತ್ತುವುದಿಲ್ಲ’ ಎಂದು ಕಾಲೇಜಿನವರೂ, ‘ನಮಗೆ ಯಾರೂ ಏನೂ ಹೇಳುವುದಿಲ್ಲ’ ಎಂದು ಅಧ್ಯಾಪಕರೂ ದೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಕರ್ನಾಟಕದಲ್ಲಿ ಹೀಗೆ ದುಡಿಯುವವರು ಒಂದೇ ಬಗೆಯವರಲ್ಲ. ಹಗಲು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದು ಸಂಜೆ ಇನ್ನೊಂದು ಸಂಸ್ಥೆಯ ಆನ್‌ಲೈನ್ ಪದವಿಗೆ ಪಾಠ ಮಾಡುವವರಿದ್ದಾರೆ. ಸ್ವಾಯತ್ತ ಕಾಲೇಜಿನ ಎಂ.ಕಾಂ. ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಸಂಜೆ ಜಿಎಸ್‌ಟಿ ಹೇಳಿಕೊಡುವ ಚಾರ್ಟರ್ಡ್ ಅಕೌಂಟೆಂಟ್‌ಗಳಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದುಕೊಂಡು ಊರಿನ ಕಾಲೇಜಿಗೆ ಸರ್ಟಿಫಿಕೇಟ್ ಕೋರ್ಸ್ ನಡೆಸುವವರೂ, ಅಮೆರಿಕದಿಂದ ಪಾಠ ಮಾಡುವ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಇವರೆಲ್ಲರಿಗೂ ಸಮಾನವಾದದ್ದೆಂದರೆ ಕಾಲೇಜು ಅವರ ದಿನದ ಒಂದು ಭಾಗ ಮಾತ್ರ ಎಂಬುದು. ಮುಂದಿನ ಸಲಹೆಗಳು ಇಂಥವರೊಡನೆ ವ್ಯವಹರಿಸಬೇಕಾದ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಮತ್ತು ಕೋರ್ಸ್ ಸಂಯೋಜಕರಿಗೆ.

ಮೊದಲು ಒಬ್ಬರನ್ನು ಗೊತ್ತುಮಾಡಿ

ವೇಳಾಪಟ್ಟಿಗೆ ಒಬ್ಬರು, ಆಂತರಿಕ ಅಂಕಗಳಿಗೆ ಪರೀಕ್ಷಾ ವಿಭಾಗದವರು, ಗೌರವಧನಕ್ಕೆ ಲೆಕ್ಕಪತ್ರ ಶಾಖೆ, ಲಾಗಿನ್ ತೊಂದರೆಗೆ ಕಂಪ್ಯೂಟರ್ ಲ್ಯಾಬಿನವರು ಎಂಬ ಹಂಚಿಕೆ ಒಳಗಿನವರಿಗೆ ಅಭ್ಯಾಸವಾಗಿರುತ್ತದೆ. ಹೊರಗಿರುವವರು ಇದನ್ನು ಊಹಿಸಲಾರರು. ಆದುದರಿಂದ ಯಾವ ಪ್ರಶ್ನೆಯೇ ಇರಲಿ, ಮೊದಲು ಕೇಳಬೇಕಾದ ವ್ಯಕ್ತಿ ಇಂಥವರೆಂದು ಕಾಲೇಜು ನಿಗದಿ ಮಾಡಬೇಕು. ಆ ವ್ಯಕ್ತಿಯೇ ಎಲ್ಲಕ್ಕೂ ಉತ್ತರ ಕೊಡಬೇಕೆಂದೇನೂ ಇಲ್ಲ. ಪ್ರಶ್ನೆಯನ್ನು ಸರಿಯಾದ ಮೇಜಿಗೆ ಒಯ್ದು ಉತ್ತರವನ್ನು ತಂದು ಮುಟ್ಟಿಸಿದರೆ ಸಾಕು.

ವಿಭಾಗದ ಮುಖ್ಯಸ್ಥರನ್ನೇ ಇದಕ್ಕೆ ನೇಮಿಸುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಅದು ಒಳ್ಳೆಯ ಆಯ್ಕೆಯಲ್ಲ, ಏಕೆಂದರೆ ಅವರಿಗೆ ಬಿಡುವು ಇರುವುದಿಲ್ಲ. ಅಲ್ಲದೆ ಮುಂದಿನ ಸೆಮಿಸ್ಟರಿಗೆ ತಮ್ಮನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವವರ ಮುಂದೆ ‘ಇದು ನನಗೆ ಗೊತ್ತಾಗಲಿಲ್ಲ’ ಎಂದು ಹೇಳಲು ಅರೆಕಾಲಿಕ ಅಧ್ಯಾಪಕರು ಹಿಂಜರಿಯುತ್ತಾರೆ. ಕಾಯಂ ಅಧ್ಯಾಪಕರಲ್ಲಿ ಕಿರಿಯರೊಬ್ಬರು ಅಥವಾ ಕಚೇರಿಯ ಅನುಭವಿ ಪ್ರಥಮ ದರ್ಜೆ ಸಹಾಯಕರು ಈ ಕೆಲಸಕ್ಕೆ ಹೆಚ್ಚು ತಕ್ಕವರು. ಆದರೆ ಅದನ್ನು ಬಾಯಿಮಾತಿನಲ್ಲಿ ಹೊರಿಸದೆ ಕಚೇರಿ ಆದೇಶದ ಮೂಲಕ ಕೊಡಬೇಕು, ಅವರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯಬೇಕು, ಮತ್ತು ಅವರು ಮೌಲ್ಯಮಾಪನಕ್ಕೋ ಚುನಾವಣಾ ಕರ್ತವ್ಯಕ್ಕೋ ಹೋದಾಗ ಅವರ ಬದಲಿಗೆ ಯಾರೆಂಬುದನ್ನೂ ಅದೇ ಆದೇಶದಲ್ಲಿ ನಮೂದಿಸಬೇಕು. ಅರೆಕಾಲಿಕ ಅಧ್ಯಾಪಕರಲ್ಲಿ ಹೆಚ್ಚಿನವರು ಸಂಜೆ ಅಥವಾ ಭಾನುವಾರ ಪಾಠ ಮಾಡುವವರಾದ್ದರಿಂದ, ವಾರದಲ್ಲಿ ಎರಡು ಸಂಜೆಯಾದರೂ ಈ ವ್ಯಕ್ತಿ ಫೋನಿಗೆ ಸಿಗುವಂತಿರಬೇಕು. ಹತ್ತರಿಂದ ಐದರವರೆಗೆ ಮಾತ್ರ ಸಿಗುವ ಸಂಪರ್ಕಾಧಿಕಾರಿಯಿಂದ ಸಂಜೆಯ ಅಧ್ಯಾಪಕರಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಪಾಠ ಶುರುವಾಗುವ ಮುನ್ನ ಬರಹದಲ್ಲಿ ಕೊಡಬೇಕಾದದ್ದು

ಅಧ್ಯಾಪಕರು ಒಪ್ಪಿಕೊಂಡ ಕೂಡಲೇ ಎರಡು ಪುಟ ಮೀರದ ಒಂದು ಪತ್ರವನ್ನು ಅವರಿಗೆ ಕಳುಹಿಸಿ. ನೇಮಕಾತಿ ಆದೇಶ ಬೇರೆ, ಈ ಪತ್ರ ಬೇರೆ. ಆದೇಶದಲ್ಲಿ ಷರತ್ತುಗಳಿರುತ್ತವೆ, ಪತ್ರದಲ್ಲಿ ಕೆಲಸ ನಡೆಸುವುದಕ್ಕೆ ಬೇಕಾದ ವಿವರಗಳಿರಬೇಕು. ಪಠ್ಯಕ್ರಮದ ಪ್ರತಿ, ವಿಶ್ವವಿದ್ಯಾಲಯದ ಕ್ಯಾಲೆಂಡರ್ ಆಫ್ ಈವೆಂಟ್ಸ್, ತರಗತಿಯ ದಿನ ಮತ್ತು ವೇಳೆ, ವಿದ್ಯಾರ್ಥಿಗಳ ಸಂಖ್ಯೆ, ಅವರು ಕನ್ನಡ ಮಾಧ್ಯಮದವರೋ ಇಂಗ್ಲಿಷ್ ಮಾಧ್ಯಮದವರೋ ಎಂಬುದು, ಆಂತರಿಕ ಅಂಕಗಳನ್ನು ಹೇಗೆ ಹಂಚಬೇಕೆಂಬುದು, ಹಾಜರಾತಿಯನ್ನು ಯಾವ ನಮೂನೆಯಲ್ಲಿ ಯಾರಿಗೆ ಕೊಡಬೇಕೆಂಬುದು ಇವೆಲ್ಲ ಅದರಲ್ಲಿ ಬರಬೇಕು. ಹಿಂದಿನ ಸೆಮಿಸ್ಟರಿನಲ್ಲಿ ಅದೇ ವಿಷಯ ಪಾಠ ಮಾಡಿದವರು ಎಲ್ಲಿಯವರೆಗೆ ಹೇಳಿಕೊಟ್ಟಿದ್ದರು, ವಿದ್ಯಾರ್ಥಿಗಳು ಯಾವ ಭಾಗದಲ್ಲಿ ತಡವರಿಸಿದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಸಿ ಸೇರಿಸಿದರೆ ಆ ಪತ್ರದ ಬೆಲೆ ಇಮ್ಮಡಿಯಾಗುತ್ತದೆ.

ಗೌರವಧನದ ಮಾತನ್ನು ಇದೇ ಪತ್ರದಲ್ಲಿ ಸ್ಪಷ್ಟವಾಗಿ ಆಡಿಬಿಡಬೇಕು. ತಾಸಿಗೆ ಎಷ್ಟು, ಅಥವಾ ತಿಂಗಳಿಗೆ ಎಷ್ಟು, ಬಿಲ್ಲನ್ನು ಯಾವ ದಿನಾಂಕದೊಳಗೆ ಕೊಡಬೇಕು, ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಯಾರಿಗೆ ಕಳುಹಿಸಬೇಕು, ತೆರಿಗೆ ಕಡಿತವಾಗುತ್ತದೆಯೇ, ಪ್ರಶ್ನೆಪತ್ರಿಕೆ ತಯಾರಿಸಿದ್ದಕ್ಕೆ, ಅಸೈನ್‌ಮೆಂಟ್ ತಿದ್ದಿದ್ದಕ್ಕೆ, ಸಭೆಗೆ ಬಂದದ್ದಕ್ಕೆ ಪ್ರತ್ಯೇಕ ಹಣವಿದೆಯೇ ಇಲ್ಲವೇ ಎಂಬುದೆಲ್ಲ ಮೊದಲೇ ತಿಳಿದಿದ್ದರೆ ಅರ್ಧ ಮನಸ್ತಾಪ ಹುಟ್ಟುವುದೇ ಇಲ್ಲ. ಹಣ ತಡವಾಗುವುದಿದ್ದರೆ ತಡವಾಗುತ್ತದೆಂದೂ, ಯಾವ ಮೇಜಿನಲ್ಲಿ ನಿಂತಿದೆಯೆಂದೂ ತಾವಾಗಿಯೇ ತಿಳಿಸಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು 2022ರ ಜನವರಿಯಲ್ಲಿ ಏರಿಸಿದಾಗ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಲಾಯಿತು. ಒಬ್ಬರಿಗೆ ಹೆಚ್ಚು ಗಂಟೆ ಸಿಕ್ಕಿದಲ್ಲಿ ಇನ್ನೊಬ್ಬರಿಗೆ ಜಾಗ ಇಲ್ಲದಂತಾಯಿತು. ಅಂದಿನಿಂದ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ‘ಈ ಬಾರಿ ನನಗೆ ಎಷ್ಟು ಗಂಟೆ’ ಎಂಬ ಆತಂಕ ಹಲವರಲ್ಲಿ ಇದ್ದೇ ಇದೆ. ಅಂಥವರಿಗೆ ‘ನೋಡೋಣ, ಹೇಳ್ತೀವಿ’ ಎಂಬ ಉತ್ತರ ಸಾಲದು. ತೀರ್ಮಾನ ಯಾವ ವಾರ ಆಗುತ್ತದೆ ಎಂಬುದನ್ನಾದರೂ ಹೇಳಬೇಕು.

ಇನ್ನೊಂದು ಸಂಗತಿ ಖಾತೆಗಳದ್ದು. ಉಚಿತ ಜೂಮ್ ಖಾತೆಯಲ್ಲಿ ತರಗತಿ 40 ನಿಮಿಷಕ್ಕೂ, ಉಚಿತ ಗೂಗಲ್ ಮೀಟ್ ಖಾತೆಯಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ 60 ನಿಮಿಷಕ್ಕೂ ಕಡಿದುಹೋಗುತ್ತದೆ. ಅಧ್ಯಾಪಕರನ್ನು ಅವರ ಸ್ವಂತ ಖಾತೆಯಿಂದ ಪಾಠ ಮಾಡಲು ಬಿಟ್ಟರೆ ಮಧ್ಯೆ ಕೊಂಡಿ ಬದಲಾಗುತ್ತದೆ, ಅರ್ಧ ತರಗತಿ ಮರಳಿ ಸೇರುವುದೇ ಇಲ್ಲ. ಸಂಸ್ಥೆಯ ಇಮೇಲ್ ಮತ್ತು ಗೂಗಲ್ ಕ್ಲಾಸ್‌ರೂಮ್ ಪ್ರವೇಶವನ್ನು ಮೊದಲ ತರಗತಿಗೆ ಒಂದು ವಾರ ಮುಂಚೆಯೇ ಕೊಟ್ಟು, ಹದಿನೈದು ನಿಮಿಷ ಅವರೊಂದಿಗೆ ಕುಳಿತು ಪರೀಕ್ಷಿಸಿ ನೋಡಬೇಕು.

ಯಾವ ಸಂಗತಿ ಯಾವ ದಾರಿಯಲ್ಲಿ ಹೋಗಬೇಕು

ಎಲ್ಲವನ್ನೂ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಇಂದಿನ ರೋಗ. ಹಬ್ಬದ ಶುಭಾಶಯ, ನಿವೃತ್ತರಿಗೆ ಅಭಿನಂದನೆ, ಯಾರದೋ ಪಿಎಚ್.ಡಿ. ಪದವಿಗೆ ನೂರು ಚಪ್ಪಾಳೆ ಇವುಗಳ ನಡುವೆ ‘ಅಂಕ ಸಲ್ಲಿಸಲು ಇಂದೇ ಕೊನೆಯ ದಿನ’ ಎಂಬ ಸೂಚನೆ ಎಲ್ಲಿ ಹೋಯಿತೆಂದು ಹಗಲು ಬೇರೆ ಉದ್ಯೋಗದಲ್ಲಿದ್ದು ರಾತ್ರಿ ಒಂಬತ್ತಕ್ಕೆ ಫೋನ್ ನೋಡುವ ಅಧ್ಯಾಪಕರಿಗೆ ಗೊತ್ತಾಗುವುದಿಲ್ಲ. ಅರೆಕಾಲಿಕ ಅಧ್ಯಾಪಕರಿಗಾಗಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕಬಲ್ಲ ಒಂದು ಪ್ರತ್ಯೇಕ ಗುಂಪು ಮಾಡಿ, ಅದರಲ್ಲಿ ಸೂಚನೆಗಳನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ. ಸಂದೇಶದ ಪಕ್ಕ ನೀಲಿ ಗೆರೆ ಮೂಡಿದ ಮಾತ್ರಕ್ಕೆ ಓದಿ ಅರ್ಥ ಮಾಡಿಕೊಂಡರೆಂದು ತಿಳಿಯಬಾರದು. ಉತ್ತರ ಬೇಕಾದ ಕಡೆ, ಸೂಚನೆ ಹಾಕಿದವರಿಗೆ ಪ್ರತ್ಯೇಕವಾಗಿ ‘ತಿಳಿಯಿತು’ ಎಂದು ಬರೆಯಿರೆಂದು ಕೇಳಬೇಕು.

ದಾಖಲೆಯಾಗಿ ಉಳಿಯಬೇಕಾದ ಯಾವುದೇ ಸಂಗತಿ ಇಮೇಲ್‌ನಲ್ಲಿ ಹೋಗಲಿ. ವಾಟ್ಸ್ಆ್ಯಪ್ ಅದರ ಕಡೆ ಗಮನ ಸೆಳೆಯುವುದಕ್ಕೆ ಮಾತ್ರ ಬಳಕೆಯಾಗಲಿ. ಒಂದು ತಾಸಿನೊಳಗೆ ತಿಳಿಯಲೇಬೇಕಾದದ್ದಿದ್ದರೆ, ಉದಾಹರಣೆಗೆ ಇಂದಿನ ಸಂಜೆಯ ತರಗತಿ ರದ್ದಾದರೆ, ಫೋನ್ ಮಾಡಿ. ಪಠ್ಯಕ್ರಮ, ನಮೂನೆ, ವೇಳಾಪಟ್ಟಿ, ರಜಾಪಟ್ಟಿಗಳು ಒಂದೇ ಡ್ರೈವ್ ಫೋಲ್ಡರಿನಲ್ಲಿ ಇರಲಿ, ಅದರ ಕೊಂಡಿ ಎಂದೂ ಬದಲಾಗದಿರಲಿ.

ಕಳುಹಿಸುವ ಕಾಗದದ ರೂಪವೂ ಮುಖ್ಯ. ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ವರ್ಡ್ ಕಡತ, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಕಾಣುವುದರಿಂದ ಕಳುಹಿಸಿದವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಕಳುಹಿಸಿ. ಸುತ್ತೋಲೆಯನ್ನು ಓರೆಯಾಗಿ ಫೋಟೊ ತೆಗೆದು ಹಾಕುವುದನ್ನು ಬಿಡಬೇಕು. ಮೂರು ವಾರದ ನಂತರ ಹುಡುಕಿದರೆ ಆ ಚಿತ್ರ ಸಿಗುವುದಿಲ್ಲ.

ಸೂಚನೆ ಬರೆಯುವಾಗ ಏನು, ಯಾವಾಗ, ಎಲ್ಲಿ ಎಂಬುದರ ಜೊತೆಗೆ ಏಕೆ ಎಂಬುದನ್ನೂ ಒಂದು ವಾಕ್ಯದಲ್ಲಿ ಸೇರಿಸಿ. ಒಂದು ಮಾದರಿ ಹೀಗಿರಬಹುದು:

“ಮಾನ್ಯರೇ, ಬಿ.ಕಾಂ. ಮೂರನೆಯ ಸೆಮಿಸ್ಟರಿನ ಎರಡನೆಯ ಕಿರುಪರೀಕ್ಷೆಯ ಅಂಕಗಳನ್ನು ಶುಕ್ರವಾರ ಸಂಜೆ 5 ಗಂಟೆಯೊಳಗೆ ಲಗತ್ತಿಸಿರುವ ಹಾಳೆಯಲ್ಲಿ ತುಂಬಿ ಕಳುಹಿಸಬೇಕೆಂದು ಕೋರುತ್ತೇವೆ. ಕಾಲೇಜು ಅವುಗಳನ್ನು ಶನಿವಾರ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ನಮೂದಿಸಲಿದೆ. ಆ ಬಳಿಕ ತಿದ್ದುಪಡಿ ಬೇಕಾದರೆ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಬೇಕಾಗುತ್ತದೆ. ಪರೀಕ್ಷೆಗೆ ಬಾರದವರ ಹೆಸರಿನ ಮುಂದೆ ಸೊನ್ನೆ ಹಾಕದೆ ‘ಗೈರು’ ಎಂದು ಬರೆಯಿರಿ. ಸಂದೇಹವಿದ್ದರೆ ಗುರುವಾರ ಸಂಜೆ 6ರಿಂದ 8ರವರೆಗೆ ನನಗೆ ಕರೆ ಮಾಡಬಹುದು.”

ಸೊನ್ನೆಗೂ ಗೈರಿಗೂ ಇರುವ ವ್ಯತ್ಯಾಸದಂಥ ಚಿಕ್ಕ ಸಂಗತಿಯನ್ನು ಒಳಗಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳದಿದ್ದರೆ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಅದರ ಪರಿಣಾಮ ಕಾಣುತ್ತದೆ.

ನಿಯಮ ಬದಲಾದಾಗ

ಕಳೆದ ಕೆಲವು ವರ್ಷಗಳಲ್ಲಿ ರಾಜ್ಯದ ಪದವಿ ಶಿಕ್ಷಣದ ಚೌಕಟ್ಟು ಎರಡು ಬಾರಿ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು. 2024-25ರಿಂದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಹಿಂದಿನ ವ್ಯವಸ್ಥೆಯಲ್ಲಿ 100 ಅಂಕಗಳ ವಿಷಯಕ್ಕೆ 40 ಆಂತರಿಕ ಅಂಕಗಳಿದ್ದರೆ, ಹೊಸದರಲ್ಲಿ ಅನೇಕ ವಿಶ್ವವಿದ್ಯಾಲಯಗಳು ಅದನ್ನು 20ಕ್ಕೆ ಇಳಿಸಿದವು. ಹೀಗಾಗಿ ಒಂದೇ ವರ್ಷ ಒಂದೇ ಕಾಲೇಜಿನಲ್ಲಿ ಎರಡು ಬ್ಯಾಚುಗಳಿಗೆ ಎರಡು ಲೆಕ್ಕ ನಡೆಯಿತು. ಕಟ್ಟಡದೊಳಗೆ ಇದನ್ನು ಕುರಿತು ವಾರಗಟ್ಟಲೆ ಚರ್ಚೆಯಾಗಿರುತ್ತದೆ. ಆನ್‌ಲೈನ್‌ನಲ್ಲಿರುವವರು ಹಳೆಯ ಲೆಕ್ಕದಲ್ಲೇ ಅಸೈನ್‌ಮೆಂಟ್ ಕೊಟ್ಟು ತಿದ್ದಿ ಮುಗಿಸಿರುತ್ತಾರೆ. ನಿಯಮ ಬದಲಾದಾಗ ಮೂಲ ಸುತ್ತೋಲೆಯನ್ನು ಮುಂದಕ್ಕೆ ದಾಟಿಸಿ ಕೈತೊಳೆದುಕೊಳ್ಳದೆ, ‘ಹಿಂದೆ ಹೀಗಿತ್ತು, ಈ ಬ್ಯಾಚಿಗೆ ಹೀಗೆ, ನಿಮ್ಮ ವಿಷಯದಲ್ಲಿ ಬದಲಾಗುವುದು ಇಷ್ಟು’ ಎಂದು ಮೂರು ಸಾಲು ಬರೆದು ಜೊತೆಗೆ ಲಗತ್ತಿಸಬೇಕು.

ಮಳೆಗಾಲದ ರಜೆಯ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕರಾವಳಿ, ಮಲೆನಾಡಿನ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ರಜೆ ಘೋಷಿಸುತ್ತಾರೆ. ಆ ದಿನ ಆನ್‌ಲೈನ್ ತರಗತಿ ಇದೆಯೇ? ಬೆಂಗಳೂರಿನಲ್ಲಿ ಕುಳಿತ ಅಧ್ಯಾಪಕರಿಗೆ ತೀರ್ಥಹಳ್ಳಿಯಲ್ಲಿ ಕರೆಂಟೂ ನೆಟ್‌ವರ್ಕೂ ಎರಡು ದಿನದಿಂದ ಇಲ್ಲವೆಂಬುದು ತಿಳಿದಿರುವುದಿಲ್ಲ. ಅವರು ಖಾಲಿ ಪರದೆಯ ಮುಂದೆ ಪಾಠ ಮಾಡಿ, ಗೈರುಹಾಜರಿ ಹಾಕಿ ಹೋಗುತ್ತಾರೆ. ರಜೆ ಘೋಷಣೆಯಾದರೆ ಆನ್‌ಲೈನ್ ತರಗತಿಯೂ ರದ್ದು, ಬದಲಿ ತರಗತಿ ಇಂಥ ವಾರ ಎಂಬ ಒಂದೇ ನಿಯಮವನ್ನು ಆರಂಭದ ಪತ್ರದಲ್ಲೇ ಬರೆದರೆ ಗೊಂದಲ ತಪ್ಪುತ್ತದೆ. ಬದಲಿ ತರಗತಿಗೂ ಗೌರವಧನ ಉಂಟೇ ಎಂಬ ಪ್ರಶ್ನೆ ಆಗಲೇ ಏಳುತ್ತದೆ. ಉತ್ತರವನ್ನೂ ಅಲ್ಲೇ ಬರೆಯಿರಿ.

ವಿದೇಶದಿಂದ ಪಾಠ ಮಾಡುವವರಿದ್ದರೆ ವೇಳೆಯನ್ನು ಯಾವಾಗಲೂ ಭಾರತೀಯ ಕಾಲಮಾನದಲ್ಲೇ ಹೇಳಿ, ಅದನ್ನು ಸ್ಪಷ್ಟವಾಗಿ ನಮೂದಿಸಿ. ನಮ್ಮ ಸಂಜೆ 7 ಗಂಟೆ ನ್ಯೂಯಾರ್ಕ್ ಕಡೆಯವರಿಗೆ ಬೇಸಿಗೆಯಲ್ಲಿ ಬೆಳಗಿನ 9:30, ಚಳಿಗಾಲದಲ್ಲಿ 8:30. ಅಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ತಾಸು ಹಿಂದೆ ಸರಿಯುತ್ತದೆ. ಅಂದರೆ ಸೆಮಿಸ್ಟರಿನ ನಡುವೆಯೇ ಅವರ ತರಗತಿ ಅವರ ಕಚೇರಿಯ ವೇಳೆಗೆ ಅಡ್ಡ ಬರಬಹುದು. ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ವಿಚಾರಿಸಿಬಿಡಿ.

ಆನ್‌ಲೈನ್ ಪದವಿಗಳ ಮೆಂಟರ್‌ಗಳು

ದೂರದಿಂದ ಕಲಿಸುವುದು ನಮ್ಮಲ್ಲಿ ಹೊಸದಲ್ಲ. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1996ರಲ್ಲಿ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿಯಂತೆ ನಡೆಯುವ ಆನ್‌ಲೈನ್ ಪದವಿಗಳಲ್ಲಿ ಒಂದು ವಿಶೇಷ ತೊಡಕಿದೆ. ಅಲ್ಲಿ ಕಲಿಕೆಯ ಸಾಮಗ್ರಿ ವಿಡಿಯೊ ಪಾಠ, ಓದುವ ಪಠ್ಯ, ಚರ್ಚಾ ವೇದಿಕೆ, ಸ್ವಯಂ ಮೌಲ್ಯಮಾಪನ ಎಂದು ನಾಲ್ಕು ಭಾಗಗಳಲ್ಲಿರುತ್ತದೆ. ಕೋರ್ಸ್ ಸಂಯೋಜಕರು ಒಬ್ಬರಾದರೆ, ವಿದ್ಯಾರ್ಥಿಗಳ ಒಂದೊಂದು ಗುಂಪನ್ನು ನೋಡಿಕೊಳ್ಳುವ ಮೆಂಟರ್ ಇನ್ನೊಬ್ಬರು. ಈ ಮೆಂಟರ್ ಕೆಲಸವನ್ನು ಅರೆಕಾಲಿಕ ಅಧ್ಯಾಪಕರಿಗೆ ವಹಿಸಿದ ಕಡೆ, ಬೇರೊಬ್ಬರು ಯಾವಾಗಲೋ ಚಿತ್ರೀಕರಿಸಿದ ಪಾಠಕ್ಕೆ ಉತ್ತರ ಹೇಳಬೇಕಾದ ಸ್ಥಾನದಲ್ಲಿ ಅವರಿರುತ್ತಾರೆ.

ತೆರಿಗೆಯ ದರ ಬದಲಾಗಿದ್ದು ವಿಡಿಯೊದಲ್ಲಿ ಹಳೆಯದೇ ಉಳಿದಿದೆ ಎಂದುಕೊಳ್ಳಿ. ವಿದ್ಯಾರ್ಥಿಗಳು ಚರ್ಚಾ ವೇದಿಕೆಯಲ್ಲಿ ಕೇಳುತ್ತಾರೆ. ವಿಡಿಯೊ ತಪ್ಪೆಂದು ಹೇಳುವ ಅಧಿಕಾರ ತನಗಿದೆಯೇ, ಪರೀಕ್ಷೆಯಲ್ಲಿ ಯಾವ ಉತ್ತರಕ್ಕೆ ಅಂಕ ಸಿಗುತ್ತದೆ ಎಂಬುದು ಮೆಂಟರ್‌ಗೆ ತಿಳಿಯದಿದ್ದರೆ ಅವರು ಸುಮ್ಮನಿರುತ್ತಾರೆ, ಇಲ್ಲವೇ ಹಾರಿಕೆಯ ಉತ್ತರ ಕೊಡುತ್ತಾರೆ. ಇದಕ್ಕೆ ಒಂದು ಹಂಚಿಕೊಂಡ ಹಾಳೆ ಸಾಕು: ಯಾವ ಘಟಕ, ವಿಡಿಯೊದ ಯಾವ ನಿಮಿಷ, ಏನು ತಪ್ಪು, ಸರಿ ಯಾವುದು ಎಂದು ಮೆಂಟರ್ ಬರೆಯಬೇಕು, ಸಂಯೋಜಕರು ನಿಗದಿಯಾದ ದಿನಗಳೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಕಾರಣಸಹಿತ ನಮೂದಿಸಬೇಕು, ಒಪ್ಪಿದ ತಿದ್ದುಪಡಿ ಪ್ರಶ್ನೆಪತ್ರಿಕೆ ತಯಾರಿಸುವವರಿಗೂ ಹೋಗಬೇಕು. ಹೆಚ್ಚಾಗಿ ಬಿಟ್ಟುಹೋಗುವುದು ಈ ಕೊನೆಯ ಹೆಜ್ಜೆ. ನಾಲ್ಕು ಗುಂಪುಗಳಿಗೆ ನಾಲ್ವರು ಮೆಂಟರ್‌ಗಳಿದ್ದರೆ ಅವರು ಪರಸ್ಪರ ಮಾತಾಡಿಕೊಳ್ಳಲೂ ಒಂದು ಜಾಗವಿರಲಿ. ಒಂದೇ ಪ್ರಶ್ನೆಗೆ ನಾಲ್ಕು ಉತ್ತರ ಹೋಗುವುದನ್ನು ಅದು ತಡೆಯುತ್ತದೆ.

ಅವರ ಮಾತಿಗೂ ವೇಳೆ ಕೊಡಿ

ಸೂಚನೆ ಕಳುಹಿಸುವುದಷ್ಟೇ ಸಂವಹನವೆಂದು ತಿಳಿದ ಕಾಲೇಜುಗಳು ಬಹಳ. ತಿಂಗಳಿಗೊಮ್ಮೆ, ನಲವತ್ತು ನಿಮಿಷ ಮೀರದ ಆನ್‌ಲೈನ್ ಸಭೆಯನ್ನು ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ನಡೆಸಿ. ಕಾಯಂ ಅಧ್ಯಾಪಕರ ಅನುಕೂಲಕ್ಕೆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಸಭೆ ಕರೆದು, ಬ್ಯಾಂಕಿನಲ್ಲೋ ಕೋರ್ಟಿನಲ್ಲೋ ಇರುವವರು ಬರಲಿಲ್ಲವೆಂದು ಟಿಪ್ಪಣಿ ಬರೆಯುವುದು ನ್ಯಾಯವಲ್ಲ. ಆ ವೇಳೆಗೂ ಗೌರವಧನ ಕೊಡಲು ಸಾಧ್ಯವಿದ್ದರೆ ಕೊಡಬೇಕು. ಇಲ್ಲದಿದ್ದರೆ ಹಾಜರಾತಿಯನ್ನು ಐಚ್ಛಿಕವಾಗಿಟ್ಟು ನಡಾವಳಿಯ ಮುಖ್ಯಾಂಶಗಳನ್ನು ಮರುದಿನ ಕಳುಹಿಸಬೇಕು. ಸಭೆಯ ಮೊದಲ ಅರ್ಧ ಅವರದಾಗಿರಲಿ: ಯಾವ ವಿದ್ಯಾರ್ಥಿಗಳು ತರಗತಿಗೆ ಬರುತ್ತಿಲ್ಲ, ಯಾವ ಭಾಗ ಹಿಂದೆ ಬಿದ್ದಿದೆ, ಯಾವ ವ್ಯವಸ್ಥೆ ಕೈಕೊಟ್ಟಿದೆ. ಹಿಂದಿನ ಸಭೆಯಲ್ಲಿ ಅವರು ಹೇಳಿದ್ದಕ್ಕೆ ಏನಾಯಿತೆಂಬುದನ್ನು ಮೊದಲು ತಿಳಿಸಿದರೆ ಮಾತ್ರ ಮುಂದಿನ ಸಲ ಅವರು ಬಾಯಿ ಬಿಡುತ್ತಾರೆ.

ವಿದ್ಯಾರ್ಥಿಗಳಿಂದ ದೂರು ಬಂದಾಗ ಅದನ್ನು ಗುಂಪಿನಲ್ಲಿ ಹಾಕುವುದೂ, ಸೆಮಿಸ್ಟರಿನ ಕೊನೆಯಲ್ಲಿ ಅಂಕಿಗಳ ರೂಪದ ಹಿಮ್ಮಾಹಿತಿಯಾಗಿ ಕೈಗಿಡುವುದೂ ಸಲ್ಲ. ಆ ವಾರವೇ ಫೋನ್ ಮಾಡಿ, ದೂರು ಏನೆಂದು ನೇರವಾಗಿ ಹೇಳಿ, ಅವರ ಕಡೆಯ ಮಾತನ್ನು ಕೇಳಿ, ತೀರ್ಮಾನಿಸಿದ್ದನ್ನು ಎರಡು ಸಾಲಿನ ಇಮೇಲ್‌ನಲ್ಲಿ ದಾಖಲಿಸಿ. ವಿದ್ಯಾರ್ಥಿಗಳೊಂದಿಗಿನ ಸಂಪರ್ಕಕ್ಕೆ ಅಧ್ಯಾಪಕರ ವೈಯಕ್ತಿಕ ಫೋನ್ ಸಂಖ್ಯೆಯನ್ನು ಅವರನ್ನು ಕೇಳದೆ ಕೊಡಬಾರದು. ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರೆ ಆ ಸಂಖ್ಯೆ ಎಲ್ಲರ ಕೈಗೂ ಹೋಗುತ್ತದೆ; ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗಳಿಂದ ವಿಶೇಷವಾಗಿ ಮಹಿಳಾ ಅಧ್ಯಾಪಕರು ತೊಂದರೆ ಪಡುತ್ತಾರೆ. ಪ್ರಶ್ನೆಗಳೆಲ್ಲ ಕ್ಲಾಸ್‌ರೂಮ್ ಮೂಲಕವೇ ಬರಲಿ, ಉತ್ತರಕ್ಕೆ ಎಷ್ಟು ದಿನ ಕಾಯಬೇಕೆಂಬುದನ್ನು ವಿದ್ಯಾರ್ಥಿಗಳಿಗೂ ತಿಳಿಸಿ.

ವೇಳಾಪಟ್ಟಿಯಲ್ಲಿ ‘ಅತಿಥಿ-1’, ‘ಅತಿಥಿ-2’ ಎಂದು ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಪಾಠ ಮಾಡುವವರಿಗೆ ಹೆಸರಿದೆ, ಅದನ್ನೇ ಹಾಕಿ. ವಿಭಾಗದ ಪುಟದಲ್ಲಿಯೂ ಅವರ ಹೆಸರು, ವಿಷಯ ಇರಲಿ.

ಸೆಮಿಸ್ಟರ್ ಮುಗಿದಾಗ

ಕೊನೆಯ ತರಗತಿಯ ನಂತರ ಬಹಳಷ್ಟು ಕಾಲೇಜುಗಳು ಮೌನವಾಗಿಬಿಡುತ್ತವೆ. ಮತ್ತೆ ಮಾತಾಡುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನ ಹತ್ತಿರ ಬಂದು ಎರಡು ವರ್ಷದ ಹಿಂದಿನ ಹಾಜರಾತಿ ಬೇಕಾದಾಗ. ಅಂಥ ದಾಖಲೆಗಳ ಪಟ್ಟಿ ಕಾಲೇಜಿಗೆ ಮೊದಲೇ ಗೊತ್ತಿರುವುದರಿಂದ ಅವನ್ನು ಸೆಮಿಸ್ಟರಿನ ಕೊನೆಯ ವಾರದಲ್ಲೇ, ಅಂತಿಮ ಬಿಲ್ಲಿನ ಜೊತೆಗೆ, ಒಂದೇ ಸಲ ಕೇಳಿ ಪಡೆಯಬೇಕು.

ಸಂಸ್ಥೆಯ ಇಮೇಲ್ ಖಾತೆಯನ್ನು ಅಳಿಸುವ ಮುನ್ನ ಅಧ್ಯಾಪಕರಿಗೆ ತಿಳಿಸಿ, ತಮ್ಮ ಟಿಪ್ಪಣಿ ಮತ್ತು ಸ್ಲೈಡುಗಳನ್ನು ಇಳಿಸಿಕೊಳ್ಳಲು ಸಮಯ ಕೊಡಬೇಕು. ಗೂಗಲ್ ಮೀಟ್‌ನಲ್ಲಿ ದಾಖಲಿಸಿದ ತರಗತಿಗಳು ಅದನ್ನು ಏರ್ಪಡಿಸಿದವರ ಡ್ರೈವ್‌ನಲ್ಲಿ ಉಳಿಯುತ್ತವೆ. ಖಾತೆ ಹೋದರೆ ಅವೂ ಹೋಗುತ್ತವೆ. ಅಳಿಸಿದ ಖಾತೆಯನ್ನು ಮರಳಿ ಪಡೆಯಲು ಅಡ್ಮಿನ್‌ಗೆ ಇರುವುದು 20 ದಿನಗಳ ಅವಕಾಶ ಮಾತ್ರ. ವಿದ್ಯಾರ್ಥಿಗಳು ಪರೀಕ್ಷೆಗೆ ಓದಿಕೊಳ್ಳುವ ದಿನಗಳಲ್ಲೇ ಪಾಠದ ವಿಡಿಯೊಗಳು ಕಾಣೆಯಾಗದಿರಲಿ. ಫಲಿತಾಂಶ ಬಂದಾಗ ಅವರ ವಿಷಯದಲ್ಲಿ ಎಷ್ಟು ಮಂದಿ ತೇರ್ಗಡೆಯಾದರೆಂಬುದನ್ನು ಅವರಿಗೂ ಕಳುಹಿಸಿ. ಅನುಭವದ ಪ್ರಮಾಣಪತ್ರವನ್ನು ಕೇಳುವ ಮೊದಲೇ, ಪಾಠ ಮಾಡಿದ ವಿಷಯ, ಅವಧಿ ಮತ್ತು ಒಟ್ಟು ಗಂಟೆಗಳನ್ನು ನಮೂದಿಸಿ ಕೊಟ್ಟುಬಿಡಿ. ಮುಂದಿನ ಸೆಮಿಸ್ಟರಿಗೆ ಕರೆಯುವುದಾದರೆ ವೇಳಾಪಟ್ಟಿ ಅಂತಿಮವಾಗುವ ಮೊದಲು ಅವರ ಬಿಡುವಿನ ವೇಳೆಯನ್ನು ಕೇಳಿ. ಕರೆಯುವುದಿಲ್ಲವಾದರೆ ಅದನ್ನೂ ಅದೇ ವಾರ ಪತ್ರದ ಮೂಲಕ ತಿಳಿಸಿ. ಅವರು ಬೇರೆ ಕಡೆ ಅರ್ಜಿ ಹಾಕಿಕೊಳ್ಳಬೇಕಾಗಿರುತ್ತದೆ.